ಸೀಟಿ ಊದಿದಾಗ ಎದ್ದ ಕೈಗಳು

ಗೈಡ್ಸ್ ದಳ ನಡೆಸಲು ಹೊಸದಾಗಿ ಬರುವ ಹೆಣ್ಣುಮಕ್ಕಳಿಗೆ ನಾನು ಹೇಳಿಕೊಡುವುದು ಕಡಿಮೆ. ಗಂಟು ಹಾಕುವುದು, ಡೇರೆ ಕಟ್ಟುವುದು ಅವರಿಗೆ ತರಬೇತಿಯಲ್ಲೇ ಬಂದಿರುತ್ತದೆ. ಹುಡುಗಿಯರನ್ನು ನೀರಿಗಿಳಿಸುವ ದಿನ ಮಾತ್ರ ಒಂದು ಮಾತು ಹೇಳುತ್ತೇನೆ: ಕೈ ನೋಡಬೇಡಿ, ಮುಖ ನೋಡಿ. ಪ್ರತಿಯೊಬ್ಬಳೂ ತನ್ನ ಜೋಡಿಯ ಹೆಸರನ್ನು ಕೂಗಿ ಹೇಳಲಿ. ಯಾಕೆಂದು ಕೇಳಿದವರಿಗೆ, ಒಮ್ಮೆ ಒಬ್ಬ ಹುಡುಗಿ ಕೊಚ್ಚಿಹೋಗಿದ್ದಳು ಎಂದಷ್ಟೇ ಹೇಳಿದ್ದೇನೆ. ಉಳಿದದ್ದನ್ನು ಇಲ್ಲಿ, ಕಂಡಷ್ಟೇ ಬರೆಯುತ್ತೇನೆ.

ಎಪ್ಪತ್ತರ ದಶಕ. ಹೊಸಪೇಟೆಯ ನಮ್ಮ ಶಾಲೆಯ ದಳ ಕಂಪ್ಲಿ ಕಡೆಯ ಒಂದು ಹಳ್ಳಿಯಲ್ಲಿ ಬಿಡಾರ ಹೂಡಿತ್ತು. ದಳದ ಮುಖ್ಯಸ್ಥೆಯನ್ನು ಎಲ್ಲರೂ ದೊಡ್ಡ ಟೀಚರ್ ಎನ್ನುತ್ತಿದ್ದರು. ನಾನು ಅವರ ಸಹಾಯಕಿ. ಸುತ್ತಲೂ ಬತ್ತದ ನಾಟಿ ನಡೆದಿತ್ತು. ನಾವಿಳಿದಿದ್ದ ಆ ಹಳ್ಳಿಯ ಶಾಲೆಯ ಹಿಂದೆಯೇ ಕಾಲುವೆ. ಅದು ತುಂಬಿ ಹರಿಯುವಾಗ ಸದ್ದೇ ಇರುವುದಿಲ್ಲ. ನೀರು ನಿಂತಿದೆಯೋ ಓಡುತ್ತಿದೆಯೋ ತಿಳಿಯಲು ಒಂದು ಎಲೆಯಾದರೂ ತೇಲಿಬರಬೇಕು.

ಬೆಳಿಗ್ಗೆ ಸ್ನಾನಕ್ಕೆ ಕಾಲುವೆಯ ಮೆಟ್ಟಿಲ ಬಳಿ ನೀರಿಗೆ ಅಡ್ಡವಾಗಿ ಹಗ್ಗ ಕಟ್ಟಿ, ಅದನ್ನು ದಾಟಬಾರದೆಂದು ಹೇಳಿದ್ದೆವು. ಪ್ರತಿ ಹುಡುಗಿಗೂ ಒಬ್ಬ ಜೋಡಿ. ಸೀಟಿ ಊದಿದೊಡನೆ ಜೋಡಿಗಳು ಕೈ ಕೈ ಹಿಡಿದು ಮೇಲೆತ್ತಬೇಕು. ದಡದಿಂದ ನೋಡಿದರೆ ಯಾರು ಇಲ್ಲವೆಂದು ತಕ್ಷಣ ಗೊತ್ತಾಗುತ್ತದೆ. ಕಾಲುವೆಯನ್ನೇ ಕಾಣದ ಸಂಡೂರಿನ ಹುಡುಗಿಗೆ ಈಜು ಬಲ್ಲ ಕಡ್ಡಿರಾಂಪುರದವಳನ್ನು ಜೋಡಿ ಮಾಡಿದ್ದೆವು.

"ಟೀಚರ್, ಇಕಿ ಮೀನಿಗೆ ಹೆದರ್ತಾಳ್ರಿ!" ಎಂದು ಕಡ್ಡಿರಾಂಪುರದವಳು ಕೂಗಿದಳು.

"ನಮ್ಮ ಸಂಡೂರಾಗ ಮೀನು ಕಾಲು ಕಚ್ಚಂಗಿಲ್ಲಲೇ."

"ನಿಮ್ಮ ಸಂಡೂರಾಗ ಅದಿರಿನ ಮಣ್ಣಿಗೆ ನೀರೇ ಕೆಂಪು. ಕಚ್ಚಿದ್ರೂ ಕಾಣಂಗಿಲ್ಲ ಬಿಡು."

"ಜಲ್ದಿ ಮುಗಸ್ರಿ, ಉಪ್ಪಿಟ್ಟು ಆರಾಕತ್ತೈತಿ," ಎಂದು ದೊಡ್ಡ ಟೀಚರ್ ಗದರಿ, ಸ್ವಲ್ಪ ಹೊತ್ತಿನ ಮೇಲೆ ಸೀಟಿ ಊದಿದರು.

ಕೈಗಳೆದ್ದವು. ನಾನು ದಡದ ಮೇಲೆ ನಿಂತು ಕೈಗಳನ್ನಷ್ಟೇ ನೋಡುತ್ತಿದ್ದೆ. ಕೊನೆಯದು ಕಡ್ಡಿರಾಂಪುರದವಳ ಬಲಗೈ. ಅದನ್ನು ಹಿಡಿದ ಇನ್ನೊಂದು ಕೈ ಸಣ್ಣದಿತ್ತು, ಮಣಿಕಟ್ಟಿನ ತುಂಬ ಹಸಿರು ಗಾಜಿನ ಬಳೆಗಳಿದ್ದವು. ಬಿಡಾರಕ್ಕೆ ಬಳೆ ತೊಟ್ಟು ಬರಬಾರದೆಂದು ಮೊದಲೇ ಹೇಳಿದ್ದೆವು. ಕೈಗಳಿಳಿದವು. ಬಳೆಯ ಸದ್ದು ನನಗೆ ಕೇಳಲಿಲ್ಲ.

ಗದರಿಸೋಣವೆಂದು ಮೆಟ್ಟಿಲಿಳಿದೆ. ಕಡ್ಡಿರಾಂಪುರದವಳು ಒಬ್ಬಳೇ ಮುಖಕ್ಕೆ ಸೋಪು ಹಚ್ಚುತ್ತಿದ್ದಳು.

"ನಿನ್ನ ಜೋಡಿ ಎಲ್ಲಿ?"

"ಇಲ್ಲೇ ಅದಾಳಲ್ರಿ," ಎಂದು ಕಣ್ಣು ಮುಚ್ಚಿಕೊಂಡೇ ಹಿಂದಕ್ಕೆ ಕೈ ಚಾಚಿದಳು. ಆ ಕೈ ನೀರಿನ ಮೇಲೆ ತಡಕಾಡಿತು.

ನಾನು ದಡದ ಮೇಲೆ ಓಡಿದೆ. ಮುಂದಿನ ಸೇತುವೆಯ ಆಚೆ ನಾಟಿ ಹೆಂಗಸರು ಕೂಗಾಡುತ್ತಿದ್ದರು. ನೀರಿಗೆ ಬಾಗಿದ ಜಾಲಿ ಕೊಂಬೆಗೆ ಸಂಡೂರಿನ ಹುಡುಗಿ ನೇತುಬಿದ್ದಿದ್ದಳು. ಇಬ್ಬರು ಹೆಂಗಸರು ಸೀರೆ ಗಂಟು ಹಾಕಿ ಎಸೆದು ಅವಳನ್ನು ಎಳೆದುಕೊಂಡರು. ಮುಳ್ಳು ತರಚಿ ಅಂಗೈಯಲ್ಲಿ ರಕ್ತ ಬಂದಿತ್ತು. ಉಸಿರು ಸರಿಯಾಗಿತ್ತು.

"ಸೋಪು ಜಾರಿತ್ರಿ. ಹಿಡಿಯಾಕಂತ ಹಗ್ಗದ ಕೆಳಗ ನುಸುಳಿದೆ," ಎಂದಳು. "ನಿಮ್ಮ ಸೀಟಿ ಇಲ್ಲಿಗೂ ಕೇಳ್ತ್ರಿ. ಎರಡೂ ಕೈಯಾಗ ಕೊಂಬಿ ಹಿಡಿದಿದ್ದೆ. ಹೆಂಗ ಎತ್ಲಿ?"

ಹೆಂಗಸರಲ್ಲಿ ಹಿರಿಯಳನ್ನು ಕೇಳಿದೆ: "ನಿಮ್ಮ ಹುಡುಗಿ ಯಾರರ ಮೆಟ್ಲ ಹತ್ರ ಬಂದಿದ್ಲೇನಮ್ಮ? ಹಸಿರು ಬಳೆ ಹಾಕ್ಕೊಂಡಾಕಿ?"

ಅವಳು ಸೀರೆ ಹಿಂಡುವುದನ್ನು ನಿಲ್ಲಿಸಿದಳು. "ಅಲ್ಲಿಗೆ ನಮ್ಮ ಹುಡುಗ್ರನ್ನ ಬಿಡಾದಿಲ್ಲಮ್ಮ. ನಾವು ಬಟ್ಟಿ ಒಗಿಯಾಕ ಹೋದ್ರೂ ಒಬ್ಬರ ಕೈಗೊಬ್ಬರು ಏನೂ ಕೊಡಾದಿಲ್ಲ. ಸೋಪು ಸೈತ ಕಲ್ಲಿನ ಮ್ಯಾಲ ಇಡ್ತೀವಿ, ಬೇಕಾದಾಕಿ ತಗಂತಾಳ."

"ಯಾಕ?"

"ಕಾಲುವಿ ಬಂದಾಗಿಂದ ಹಂಗ ಮಾಡ್ತೀವಿ. ಮೊದ್ಲು ಆ ಕೂಸಿಗೆ ಬೆಚ್ಚಗ ಏನರ ಹೊದಸು, ಹೋಗು."

ಬಿಡಾರಕ್ಕೆ ಬಂದ ಮೇಲೆ ಸಂಡೂರಿನವಳು ಕಂಬಳಿ ಹೊದ್ದು ಚಹಾ ಕುಡಿದು, ಉಪ್ಪಿಟ್ಟನ್ನು ಎರಡನೆಯ ಸಲ ಕೇಳಿದಳು. ಕಡ್ಡಿರಾಂಪುರದವಳು ಏನನ್ನೂ ಮುಟ್ಟಲಿಲ್ಲ.

"ಟೀಚರ್, ನಾ ಹಿಡಿದಿದ್ದು ಯಾರ ಕೈರಿ?"

"ಪಕ್ಕದ ಜೋಡಿದು ಇರಬೇಕು," ಎಂದರು ದೊಡ್ಡ ಟೀಚರ್.

ಪಕ್ಕದ ಜೋಡಿಯವರು ತಲೆಯಾಡಿಸಿದರು. "ನಮ್ಮ ಕೈ ನಾವೇ ಹಿಡ್ಕೊಂಡಿದ್ವಿ ಬಿಡ್ರಿ."

"ತಣ್ಣಗಿತ್ತೇನು?" ಎಂದು ನಾನು ಮೆಲ್ಲಗೆ ಕೇಳಿದೆ. ಯಾಕೆ ಹಾಗೆ ಕೇಳಿದೆನೋ ನನಗೆ ಗೊತ್ತಿಲ್ಲ.

"ಇಲ್ರಿ. ಭಾಳ ಬೆಚ್ಚಗಿತ್ತು. ಅದಕ್ಕ ನಾ ತಿರುಗಿ ನೋಡ್ಲಿಲ್ಲ."

ಮಧ್ಯಾಹ್ನ ಎಲ್ಲರೂ ಸಾಲಾಗಿ ಊಟಕ್ಕೆ ಕುಳಿತರು. ಕಡ್ಡಿರಾಂಪುರದವಳು ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಎಡಗೈಯನ್ನು ತಟ್ಟೆಗೆ ಹಾಕಿದಳು. ಬೇರೆ ದಿನವಾಗಿದ್ದರೆ ಇಡೀ ಸಾಲು ನಗುತ್ತಿತ್ತು, ದೊಡ್ಡ ಟೀಚರ್ ಗದರುತ್ತಿದ್ದರು. ಅಂದು ದೊಡ್ಡ ಟೀಚರ್ ಅವಳ ತಟ್ಟೆಗೆ ಸಾರು ಬಡಿಸಿ ಮುಂದೆ ಹೋದರು. ಎಡಗೈಯಲ್ಲಿ ಅನ್ನ ಕಲಸಲು ಅವಳಿಗೆ ಬರುತ್ತಿರಲಿಲ್ಲ. ಸಂಡೂರಿನ ಹುಡುಗಿ ಪಕ್ಕಕ್ಕೆ ಸರಿದು ಬಂದು, ಅಂಗೈಯ ಗಾಯಕ್ಕೆ ಸಾರಿನ ಖಾರ ತಾಗಿ ಮುಖ ಕಿವುಚಿಕೊಳ್ಳುತ್ತ, ಅವಳ ತಟ್ಟೆಯ ಅನ್ನವನ್ನು ಕಲಸಿಕೊಟ್ಟಳು.