ಸುಳ್ಳು ನಂಬಿದ ಸಾಫ್ಟ್‌ವೇರ್

ಶಿವಾಜಿನಗರದ ಒಂದು ಪ್ರೆಸ್ಸಿನಲ್ಲಿ ಹೊಸ ವಿಂಡೋಸ್ ಇರುವ ಕಂಪ್ಯೂಟರ್ ತಂದಿದ್ದರು. ಉರ್ದು ಅಕ್ಷರ ಜೋಡಿಸುವ ಹಳೆಯ ಸಾಫ್ಟ್‌ವೇರ್ ಮಾತ್ರ, ವಿಂಡೋಸ್ ನೈಂಟಿಎಯ್ಟ್ ಇದ್ದರಷ್ಟೇ ನಡೆಯುತ್ತೇನೆಂದು ತಿಳಿಸಿ ಮುಚ್ಚಿಕೊಳ್ಳುತ್ತಿತ್ತು. ಅದನ್ನು ಬರೆದ ಕಂಪನಿಯೂ ಇರಲಿಲ್ಲ, ಪ್ರೆಸ್ಸಿನ ಹಳೆಯ ಕಂಪ್ಯೂಟರೂ ಗುಜರಿಗೆ ಹೋಗಿತ್ತು. ಮಗಳ ಮದುವೆ ಕಾರ್ಡು ಅವತ್ತೇ ಅಚ್ಚಾಗಬೇಕೆಂದು ಒಬ್ಬ ತಂದೆ ಸ್ಟೂಲಿನ ಮೇಲೆ ಕೂತಿದ್ದರು.

ರಿಪೇರಿಗೆ ಹೋಗಿದ್ದ ನಾನು ಒಂದು ಸೆಟ್ಟಿಂಗ್ ಬದಲಿಸಿದೆ.

“ಏನ್ ಮಾಡಿದ್ರಿ ಸಾಬ್?” ಎಂದರು ಮಾಲೀಕ ಅನ್ವರ್ ಭಾಯ್.

“ಇದು ನೈಂಟಿಎಯ್ಟೇ ಅಂತ ಸಾಫ್ಟ್‌ವೇರ್‌ಗೆ ಸುಳ್ಳು ಹೇಳ್ದೆ.”

“ನಂಬುತ್ತಾ?”

“ಅದು ಕೇಳೋದು ವರ್ಷನ್ ನಂಬರ್ ಒಂದೇ. ಹಳೇ ನಂಬರ್ ಹೇಳಿದ್ರೆ ಸಾಕು.”

ಸಾಫ್ಟ್‌ವೇರ್ ತೆರೆದುಕೊಂಡಿತು. ಪರದೆಯ ಮೇಲೆ ಮದುಮಗಳ ಹೆಸರು ಮೂಡಿತು. ತಂದೆ ಎದ್ದು ಬಂದು, ಕನ್ನಡಕ ಸರಿಮಾಡಿಕೊಂಡು ಓದಿ, “ಹೊಸ ಕಂಪ್ಯೂಟರ್ ಭಾಳ ಚೆನ್ನಾಗಿದೆ ಸಾಬ್!” ಎಂದು ನನಗೆ ಗಟ್ಟಿಯಾಗಿ ಹೇಳಿದರು.

ಅನ್ವರ್ ಭಾಯ್ ಗಾಬರಿಯಿಂದ ಅವರ ತೋಳು ಹಿಡಿದೆಳೆದರು. “ಆಹಿಸ್ತಾ, ಭಾಯ್, ಮೆಲ್ಲಗೆ! ಹೊಸದು ಅನ್ಬೇಡಿ. ಮೊದ್ಲು ಪ್ರಿಂಟ್ ಬರ್ಲಿ.”

ಪ್ರಿಂಟ್ ಹೊರಗೆ ಬರುವ ತನಕ ನಾವು ಮೂವರೂ ಪಿಸುದನಿಯಲ್ಲೇ ಮಾತಾಡಿದೆವು. ಕಂಪ್ಯೂಟರಿಗೆ ಕಿವಿಯಿಲ್ಲವೆಂದು ತಿಳಿದಿದ್ದ ನಾನು ಕೂಡ.