ನೀಲಿ ಹಚ್ಚಿದ ಕೈಗಳು

ಯಲ್ಲಾಪುರದಲ್ಲಿ ಹಾಸ್ಟೆಲ್ ಕಟ್ಟಡವೊಂದಕ್ಕೆ ನಾನು ಸೂಪರ್‌ವೈಸರ್ ಆಗಿದ್ದಾಗ ಕೆಲಸದ ಜಾಗಕ್ಕೆ ಕಣ್ಣು ಬೇನೆ ಬಂತು. ತೊಂಬತ್ತಾರೋ, ತೊಂಬತ್ತೇಳೋ. ಆ ಎರಡು ವರ್ಷಗಳು ನನ್ನ ತಲೆಯಲ್ಲಿ ಒಂದರ ಮೇಲೊಂದು ಕೂತಿವೆ. ಬಿಡಿಸಲು ಹೋದರೆ ಸುಳ್ಳು ಸೇರುತ್ತದೆ. ಮಳೆ ಹತ್ತಿರವಿದ್ದದ್ದು ಮಾತ್ರ ಖಂಡಿತ. ಸ್ಲ್ಯಾಬಿಗೆ ಕಬ್ಬಿಣ ಕಟ್ಟಿ ಆಗಿತ್ತು. ಹಾವೇರಿ ಕಡೆಯಿಂದ ಬಂದ ಗ್ಯಾಂಗಿನಲ್ಲಿ ಮೂವರ ಕಣ್ಣು ಕೆಂಪಾಗಿ ಬಾತಿದ್ದವು.

ಕಂತ್ರಾಟುದಾರರು ನಮ್ಮೂರ ಕಡೆಯವರೇ. ಸ್ಕೂಟರಿನಿಂದ ಇಳಿಯದೆ ನಮ್ಮ ಹವ್ಯಕ ಮಾತಿನಲ್ಲೇ ನನಗೆ ಹೇಳಿದರು: "ಇನ್ನೆರಡು ಜನಕ್ಕೆ ಬಂದ್ರೆ ಆನು ಹುಬ್ಬಳ್ಳಿಂದ ಬೇರೆ ಗ್ಯಾಂಗ್ ತರಸ್ತೆ. ಎಂಗೆ ಸ್ಲ್ಯಾಬ್ ಬೇಕು, ಆಸ್ಪತ್ರೆ ಬ್ಯಾಡ."

ಗ್ಯಾಂಗಿನವರು ಮಕ್ಕಳು ಮರಿ ಕಟ್ಟಿಕೊಂಡು ಬಂದು ಪಕ್ಕದಲ್ಲೇ ತಗಡಿನ ಶೆಡ್ ಹಾಕಿದ್ದರು. ಕಳಿಸಿದರೆ ಬಿತ್ತನೆಯವರೆಗೆ ಅವರಿಗೆ ಬೇರೆ ಕೆಲಸವಿರಲಿಲ್ಲ. ಅವರನ್ನು ಕಳಿಸಬಾರದು ಎಂದು ನಾನು ಹಟ ಹಿಡಿದೆ. ಅವರ ಮುಖ್ಯಸ್ಥೆಯನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಅವಳ ಹಟ ನನ್ನದಕ್ಕಿಂತ ದೊಡ್ಡದು.

ಬೇನೆ ಬಂದವರ ಕಣ್ಣು ನೋಡಿದರೆ ನಮಗೂ ಬರುತ್ತದೆ ಎಂಬ ನಂಬಿಕೆ ಎಲ್ಲ ಕಡೆ ಇತ್ತು. ಅದಕ್ಕೆ ಅಕ್ಕ ಉಪಾಯ ಮಾಡಿದ್ದಳು. ಆ ಮೂವರು ಸಾಲಿನಲ್ಲಿ ಎಲ್ಲರಿಗೂ ಬೆನ್ನು ಹಾಕಿ ನಿಂತು, ಯಾರ ಮುಖವನ್ನೂ ನೋಡದೆ, ಮರಳಿನ ಬಾಂಡ್ಲಿಯನ್ನು ಹಿಂದಕ್ಕೆ ದಾಟಿಸುತ್ತಿದ್ದರು. ಕಣ್ಣು ಕಣ್ಣು ಕೂಡುತ್ತಿರಲಿಲ್ಲ. ಬಾಂಡ್ಲಿ ಮಾತ್ರ ಎಲ್ಲರ ಕೈಗೂ ಹೋಗುತ್ತಿತ್ತು.

ಇದು ಕೈಯಿಂದ ಕಣ್ಣಿಗೆ ಹೋಗುತ್ತದೆ ಎಂದು ಸರಕಾರಿ ಆಸ್ಪತ್ರೆಯ ಡಾಕ್ಟರರು ಹೇಳಿದ್ದನ್ನು ನಾನು ತಿಳಿಸಿದೆ. ಕೇಳಿಸಿಕೊಂಡರು, ನಂಬಲಿಲ್ಲ. ಹಾಗಾಗಿ ತಾಲೀಮು ಮಾಡೋಣ ಎಂದೆ. ಗೆರೆ ಹೊಡೆಯುವ ದಾರಕ್ಕೆ ಮೇಸ್ತ್ರಿ ಹಚ್ಚುವ ನೀಲಿ ಪುಡಿಯನ್ನು, ಆ ಮೂವರ ಕೈ ಸೋಪಿನಿಂದ ತೊಳೆಸಿ, ಅಂಗೈಗೆ ಬಳಿದು, ಬಿಸಿಲಲ್ಲಿ ಸಾಲು ನಿಲ್ಲಿಸಿ ಖಾಲಿ ಬಾಂಡ್ಲಿ ದಾಟಿಸಿದೆವು. ಬೆವರು ಇಳಿಯಿತು, ಒರೆಸಿಕೊಂಡರು. ಸ್ವಲ್ಪ ಹೊತ್ತಿಗೆ ಎಲ್ಲರ ಕಣ್ಣಿನ ಸುತ್ತ ನೀಲಿ. ಬಾಂಡ್ಲಿ ಮುಟ್ಟಿದ್ದ ನನ್ನ ಮುಖದ ಮೇಲೂ.

"ಬಯಲಾಟಕ್ಕ ಹೊಂಟೇವೇನ್ರಿ ಎಲ್ಲಾರೂ?" ಎಂದು ಒಬ್ಬ ನಗಿಸಿದ. ಅಕ್ಕ ನಗಲಿಲ್ಲ. ಶೆಡ್ಡಿನಿಂದ ಕನ್ನಡಿ ತರಿಸಿ ತನ್ನ ಮುಖ ನೋಡಿಕೊಂಡಳು.

"ನೋಟದಾಗ ಇಲ್ಲ ಬಿಡ್ರಿ ಇದು," ಎಂದಳು. "ಕೈಯಾಗ ಐತಿ."

ಆಮೇಲಿನ ನಿಯಮಗಳಲ್ಲಿ ಯಾವುದು ಅವಳದು, ಯಾವುದು ನನ್ನದು ಎಂದು ಈಗ ಹೇಳಲಾರೆ. ಎಲ್ಲವೂ ನನ್ನವೇ ಎಂದು ಬಹಳ ಕಾಲ ನೆನಪಿಟ್ಟುಕೊಂಡಿದ್ದೆ, ಅದಕ್ಕೇ ಅನುಮಾನ. ಮೂವರಿಗೆ ಸಾಲಿನಿಂದ ದೂರದಲ್ಲಿ ಜಲ್ಲಿ ತೊಳೆಯುವ ಕೆಲಸ, ಅವರದೇ ಬಾಂಡ್ಲಿ, ಅವರದೇ ನೀರು. ಉಳಿದವರು ಬೆವರು ಕಣ್ಣಿಗಿಳಿಯದಂತೆ ಹಣೆಗೆ ಬಿಗಿಯಾಗಿ ಬಟ್ಟೆ ಕಟ್ಟುವುದು. ಮಿಕ್ಸರ್ ನಿಂತಾಗಲೆಲ್ಲ ಸೋಪು ಹಚ್ಚಿ ಕೈ ತೊಳೆಯುವುದು. ಮತ್ತೆ ನೀಲಿ ಹಚ್ಚಿ ತಾಲೀಮು ಮಾಡಿದಾಗ ಒಬ್ಬನ ಮೂಗಿನ ಮೇಲೆ ಮಾತ್ರ ಬಣ್ಣ ಸಿಕ್ಕಿತು. ಜಲ್ಲಿ ತೊಳೆಯುವವರ ಹತ್ತಿರ ಹೋಗಿ ಬೀಡಿಗೆ ಬೆಂಕಿ ಇಸಕೊಂಡಿದ್ದ. ಅಕ್ಕನ ಬೈಗುಳ ಬಸ್ ಸ್ಟ್ಯಾಂಡಿನವರೆಗೆ ಕೇಳಿರಬೇಕು.

ಸ್ಲ್ಯಾಬಿನ ದಿನ ಮೋಡ ಕಟ್ಟಿತ್ತು. ಕಂತ್ರಾಟುದಾರರಿಗೆ ಅವಸರ ತಡೆಯಲಾಗಲಿಲ್ಲ. ತೋಳು ಮಡಚಿ ತಾವೇ ಸಾಲಿಗೆ ನುಗ್ಗಿದರು. ಅಕ್ಕ ಬಾಂಡ್ಲಿಯನ್ನು ಹಿಂದಕ್ಕೆಳೆದುಕೊಂಡಳು.

"ಕೈ ತೊಳ್ಕೊಂಡ್ ಬರ್ರಿ ಸಾಹೇಬ್ರ."

ಅವರು ನನ್ನ ಕಡೆ ನೋಡಿದರು. ನಾನು ಬಕೆಟ್ಟಿನ ಕಡೆ ಕೈ ತೋರಿಸಿದೆ. ತೊಳೆದುಕೊಂಡರು.

ಸ್ಲ್ಯಾಬ್ ಮುಗಿಯಿತು. ನಿಯಮ ಮಾಡಿದಂದಿನಿಂದ ಸ್ಲ್ಯಾಬಿನವರೆಗೆ ಹೊಸದಾಗಿ ಬೇನೆ ಬಂದದ್ದು ಒಬ್ಬನಿಗೆ ಮಾತ್ರ ಎಂದು ನಾನು ಕಂತ್ರಾಟುದಾರರಿಗೆ ಹೇಳಿದ್ದೆ, ಅದನ್ನೇ ನಂಬಿದ್ದೆ. ವರ್ಷಗಳ ನಂತರ ಬನವಾಸಿಯಲ್ಲಿ ಅಕ್ಕ ಸಿಕ್ಕಿದಳು. ಒಬ್ಬನಲ್ಲ, ಇಬ್ಬರು ಎಂದಳು. ಎರಡನೆಯವಳನ್ನು ಊರಿಗೆ ಹೋದಳೆಂದು ಹೇಳಿ ಶೆಡ್ಡಿನೊಳಗೆ ಕೂರಿಸಿ, ಕಣ್ಣು ತಿಳಿಯಾಗುವವರೆಗೆ ಊಟ ಬಾಗಿಲಲ್ಲೇ ಇಟ್ಟು ಬರುತ್ತಿದ್ದಳಂತೆ.

"ಹೇಳಿದ್ರ ನೀವು ಇಟ್ಕೊಂತಿದ್ರೇನು ನಮ್ಮನ್ನ?" ಎಂದು ಕೇಳಿದಳು.

ಹೌದು ಎನ್ನಲು ಬಾಯಿ ತೆರೆದೆ. ಆಮೇಲೆ, ಗೊತ್ತಿಲ್ಲ ಎಂದೆ.