ಇಲ್ಲದ ಪಾರ್ಕಿನ ಮೇಲೆ ಅತ್ತಿಗೆಯ ಸೆಮಿನಾರು

ನಮ್ಮತ್ತಿಗೆ ಐವತ್ತೊಂದನೆಯ ವಯಸ್ಸಿನಲ್ಲಿ ಸ್ನಾತಕೋತ್ತರ ಪದವಿಗೆ ಸೇರಿದಾಗ ನಾನು ಮೂಗು ಮುರಿದವಳೇ, ಸುಳ್ಳೇಕೆ ಹೇಳಲಿ! ನಗರ ಯೋಜನೆ ಕಚೇರಿಯಲ್ಲಿ ಇಪ್ಪತ್ತೇಳು ವರ್ಷ ನಕ್ಷೆ ಬರೆದವರು ಅವರು. ಯಾವ ಚರಂಡಿ ಎಲ್ಲಿ ತಿರುಗುತ್ತದೆ ಎಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲರು. ಅಂಥವರಿಗೆ ಮೀಸೆ ಸರಿಯಾಗಿ ಮೂಡದ ಹುಡುಗರ ಪಕ್ಕ ಬೆಂಚಿನ ಮೇಲೆ ಕೂರುವ ಉಸಾಬರಿ ಯಾಕೆ?

"ನಾನು ಗೆರೆ ಎಳೆದುಕೊಟ್ಟಿದ್ದಕ್ಕೆ ಸಹಿ ಹಾಕೋರೆಲ್ಲ ಅಂಥ ಹುಡುಗ್ರೇ ಕಣೇ," ಎಂದರು ಅತ್ತಿಗೆ. "ರಿಟೈರ್ ಆಗೋದ್ರೊಳಗೆ ನಾನೂ ಒಂದು ಸಹಿ ಹಾಕ್ಬೇಕು."

ಕಚೇರಿಯಲ್ಲಿ ಯೋಜನಾಧಿಕಾರಿಯ ಹುದ್ದೆ ಖಾಲಿಯಾಗುವುದರಲ್ಲಿತ್ತು. ಅದಕ್ಕೆ ಈ ಪದವಿ ಬೇಕೇ ಬೇಕು. ಅವರ ವಯಸ್ಸಿಗೆ ಇದೇ ಕೊನೆಯ ಅವಕಾಶ.

ಎರಡು ವರ್ಷ ಊಟದ ಮೇಜಿನ ಮೇಲೆ ತಟ್ಟೆಗೆ ಜಾಗವಿರಲಿಲ್ಲ, ಬರೀ ಹಾಳೆ. ಅಡುಗೆ ಅಣ್ಣನ ಪಾಲಿಗೆ ಬಂತು. ಪಾತ್ರೆಗಳ ತಳ ಕಪ್ಪಾಯಿತು. ಓದಿದ್ದನ್ನೆಲ್ಲ ಅತ್ತಿಗೆ ನಮ್ಮ ಮೇಲೇ ಪ್ರಯೋಗಿಸುತ್ತಿದ್ದರು. ಜನ ಎಷ್ಟು ದೂರ ನಡೆಯಲು ಒಪ್ಪುತ್ತಾರೆಂದು ಯಾವುದೋ ದೇಶದವರು ಲೆಕ್ಕ ಹಾಕಿದ್ದರಂತೆ. ಆ ಲೆಕ್ಕದ ಪ್ರಕಾರ ಸಕ್ಕರೆ ಡಬ್ಬಿ ಒಲೆಯಿಂದ ಮೂರು ಹೆಜ್ಜೆಯೊಳಗೆ ಬಂದು ಕೂತಿತು. ಮರುವಾರ ಇನ್ನೊಂದು ದೇಶದವರು ಅದನ್ನು ಅಲ್ಲಗಳೆದರು. ಡಬ್ಬಿ ಮತ್ತೆ ಅಟ್ಟ ಹತ್ತಿತು.

ಕೊನೆಗೆ ಉಳಿದದ್ದು ಒಂದೇ ವಿಷಯ, ಪ್ರಚಲಿತ ಅಂತರರಾಷ್ಟ್ರೀಯ ಸಂಶೋಧನೆ. ಹೊರದೇಶದ ಪತ್ರಿಕೆಯಲ್ಲಿ ಈಚೆಗೆ ಬಂದ ಒಂದು ಲೇಖನವನ್ನು ಓದಿ, ತರಗತಿಯ ಮುಂದೆ ಅರ್ಧ ಗಂಟೆ ವಿವರಿಸಬೇಕು. ಅದರಲ್ಲಿ ಫೇಲಾದರೆ ಇನ್ನೊಂದು ವರ್ಷ ಕಾಯಬೇಕು, ಅಷ್ಟರಲ್ಲಿ ಹುದ್ದೆ ಬೇರೆಯವರ ಪಾಲು. ಅತ್ತಿಗೆಗೆ ಬಂದ ಲೇಖನದಲ್ಲಿ ನಮ್ಮೂರಿನ ಹೆಸರೇ ಇತ್ತು! ಎಂಬತ್ತು ಊರುಗಳ ನಕ್ಷೆಗಳನ್ನು ಕಂಪ್ಯೂಟರಿಗೆ ಹಾಕಿ ಹೋಲಿಸಿದ್ದರು. ನಮ್ಮ ಬಡಾವಣೆಯ ನಡುವೆ ದುಂಡನೆಯ ಪಾರ್ಕೊಂದಿದೆ, ಸುತ್ತಲಿನ ಮನೆಗಳಿಗೆಲ್ಲ ಅದು ಹತ್ತಿರ, ಎಂಥ ದೂರದೃಷ್ಟಿ ಎಂದು ಒಂದು ಪುಟ ಹೊಗಳಿದ್ದರು.

"ಪಾರ್ಕಾ? ಎಲ್ಲಿದೆ ಅತ್ತಿಗೆ?" ಎಂದೆ. ಅವರ ಮುಖ ಬಿಳಿಚಿಕೊಂಡಿತ್ತು.

"ಅದು ಪಾರ್ಕಲ್ಲ ಕಣೇ. ನನ್ನ ಚಹಾ ಲೋಟ."

"ಹಾಂ?"

"ಕೆಲಸಕ್ಕೆ ಸೇರಿದ ಮೊದಲನೇ ತಿಂಗಳು. ಮೂಲ ನಕ್ಷೆ ಮೇಲೆ ಬಿಸಿ ಲೋಟ ಇಟ್ಬಿಟ್ಟೆ, ಉಂಗುರದ ಹಾಗೆ ಕಲೆ ಕೂತ್ಕೊಳ್ತು. ಬೈತಾರೆ ಅಂತ ಸುರುಳಿ ಸುತ್ತಿ ಬೀರುಗೆ ತುರುಕಿದೆ, ಮತ್ತೆ ಅದರ ತಂಟೆಗೇ ಹೋಗ್ಲಿಲ್ಲ. ಆಮೇಲೆ ಯಾರೋ ಅದನ್ನೂ ಸೇರಿಸಿ ಟ್ರೇಸ್ ಮಾಡಿದಾರೆ. ಕಂಪ್ಯೂಟರಿಗೆ ಹಾಕಿದೋರು ದುಂಡಗಿದೆ, ಸರ್ವೆ ನಂಬರಿಲ್ಲ, ಪಾರ್ಕೇ ಇರ್ಬೇಕು ಅಂತ ಹಸಿರು ಬಣ್ಣ ತುಂಬಿದಾರೆ."

"ಆ ಜಾಗದಲ್ಲಿ ನನ್ನ ಟೈಲರ್ ಅಂಗಡಿ ಇದೆಯಲ್ಲ!"

"ಸರಿಯಾಗಿ ನಡುಮಧ್ಯ," ಎಂದರು ಅತ್ತಿಗೆ, ತಲೆ ತಗ್ಗಿಸಿ.

ನನಗೆ ಮೈಯೆಲ್ಲ ಉರಿದುಹೋಯಿತು. ಅಂಗಡಿ ಲೈಸೆನ್ಸಿಗೆ ಒಂಬತ್ತು ವರ್ಷದಿಂದ ಅಲೆದು ಚಪ್ಪಲಿ ಸವೆಸಿದ್ದೆ. ಪ್ರತಿ ಸಲವೂ "ಜಾಗ ಸರಿಯಿಲ್ಲ" ಎಂದು ಅರ್ಜಿ ಹಿಂದಿರುಗಿಸುತ್ತಿದ್ದ ಗುಮಾಸ್ತನಿಗೆ ಹಾಕದ ಶಾಪವಿಲ್ಲ. ಅವನು ಪಾಪ ನಕ್ಷೆ ನೋಡಿ ಹೇಳುತ್ತಿದ್ದ! ಎರಡು ದಿನ ಅತ್ತಿಗೆಯ ಜೊತೆ ಮಾತು ಬಿಟ್ಟೆ. ಮೂರನೆಯ ದಿನ ಅವರು ಆ ಲೇಖನ ಬರೆದವರ ಪಟ್ಟಿ ತೋರಿಸಿದರು. ಆರನೆಯ ಹೆಸರು ಅವರ ಮೇಷ್ಟ್ರದೇ, ಅಂಕ ಹಾಕುವವರದೇ. ಕಾರಿನಲ್ಲಿ ಬಂದು ಕಾರಿನಲ್ಲೇ ಹೋಗುವ ಮಹಾನುಭಾವರು, ನಮ್ಮ ಬೀದಿಗೆ ಕಾಲಿಟ್ಟವರಲ್ಲ.

ನನ್ನ ಸಿಟ್ಟೆಲ್ಲ ಇಳಿದುಹೋಯಿತು. "ಅತ್ತಿಗೆ, ನಿಮ್ಮ ದಮ್ಮಯ್ಯ, ಬಾಯಿ ಬಿಡ್ಬೇಡಿ. ಪಾರ್ಕಿದೆ, ಚೆನ್ನಾಗಿದೆ ಅಂತ ಹೇಳಿ ಪಾಸಾಗಿ. ನನ್ನ ಲೈಸೆನ್ಸು ಹಾಳಾಗ್ಹೋಗ್ಲಿ."

"ಆಯ್ತು," ಎಂದರು.

ಸೆಮಿನಾರಿನ ದಿನ ನಕ್ಷೆಯ ಸುರುಳಿಗಳನ್ನು ಹೊತ್ತುಕೊಂಡು ನಾನೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಇಪ್ಪತ್ತು ನಿಮಿಷ ಅತ್ತಿಗೆ ನಿರರ್ಗಳವಾಗಿ ಹೊಗಳಿದರು. ಮೇಷ್ಟ್ರು ತಲೆದೂಗಿದರು. ನಾನು ಉಸಿರು ಬಿಡುವಷ್ಟರಲ್ಲಿ ಅತ್ತಿಗೆ ಚೀಲದಿಂದ ಕಚೇರಿಯ ಲೋಟ ತೆಗೆದು ನಕ್ಷೆಯ ಮೇಲೆ ಇಟ್ಟರು. ಪಾರ್ಕು ಪೂರ್ತಿ ಮುಚ್ಚಿಹೋಯಿತು!

"ಇದು ನನ್ನ ತಪ್ಪು," ಎಂದರು. ಲೋಟದ ಕಥೆಯನ್ನು ಒಂದಕ್ಷರ ಬಿಡದೆ ಹೇಳಿದರು. "ಆದ್ರೆ ಸಾರ್, ಇನ್ನೂ ಒಂದಿದೆ. ಲೇಖನದ ಜೊತೆ ಕೊಟ್ಟಿರೋ ಅಂಕಿಅಂಶ ಪೂರ್ತಿ ನೋಡ್ದೆ. ಈ ಥರ ದುಂಡನೆ ಪಾರ್ಕು ಇನ್ನೂ ಹನ್ನೊಂದು ಊರಲ್ಲಿದೆ, ಆರು ದೇಶಗಳಲ್ಲಿ. ಆಯಾ ನಕ್ಷೆಯ ಅಳತೆಗೆ ಇಳಿಸಿದ್ರೆ ಎಲ್ಲಾ ಆರರಿಂದ ಎಂಟು ಸೆಂಟಿಮೀಟರು. ಒಂದೂರಲ್ಲಿ ಮಾತ್ರ ಒಂಬತ್ತೂವರೆ. ಅಲ್ಲಿ ದೊಡ್ಡ ಮಗ್ಗಲ್ಲಿ ಕುಡೀತಾರೆ ಅಂತ ಕಾಣುತ್ತೆ."

ಹುಡುಗರು ಬೆಂಚು ಗುದ್ದಿ ನಕ್ಕರು. ಮೇಷ್ಟ್ರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ಸುಮ್ನಿದ್ದಿದ್ರೆ ಪೂರ್ತಿ ಅಂಕ ಬರ್ತಿತ್ತಲ್ರೀ?"

"ಗೊತ್ತು ಸಾರ್. ಆದ್ರೆ ಒಂಬತ್ತು ವರ್ಷದಿಂದ ನನ್ನ ನಾದಿನಿ ಆ ಲೋಟದೊಳಗೆ ಸಿಕ್ಕಿಹಾಕ್ಕೊಂಡಿದಾಳೆ."

ಮೇಷ್ಟ್ರು ಎದ್ದುಹೋದರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಪಕ್ಕದ ಹುಡುಗಿ ಸಮಾಧಾನ ಮಾಡಲು ಬಂದರೆ ಅವಳ ಮೇಲೂ ರೇಗಿದೆ.

ಹನ್ನೊಂದು ದಿನ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಅಣ್ಣನ ಅಡುಗೆಯ ತಪ್ಪಲ್ಲ. ಹನ್ನೆರಡನೆಯ ದಿನ ಮೇಷ್ಟ್ರ ಪತ್ರ ಬಂತು. ತರಗತಿಗೇ ಹೆಚ್ಚಿನ ಅಂಕ ಅತ್ತಿಗೆಗೆ! ಕೆಳಗೆ ಇನ್ನೊಂದು ಸಾಲು: "ಪತ್ರಿಕೆಗೆ ತಿದ್ದುಪಡಿ ಕಳಿಸಬೇಕು. ನಿಮ್ಮ ಹೆಸರು ಮೊದಲು, ನನ್ನದು ಆಮೇಲೆ."

ಯೋಜನಾಧಿಕಾರಿಯ ಕುರ್ಚಿಯಲ್ಲಿ ಕೂತ ದಿನವೇ ಅತ್ತಿಗೆ ಆ ನಕ್ಷೆಯನ್ನು ತರಿಸಿಕೊಂಡರು. ತಿದ್ದುಪಡಿ ಫಾರಮ್ಮಿನಲ್ಲಿ ಎರಡು ಸಹಿ ಬೇಕು: ತಪ್ಪು ಮಾಡಿದವರದು, ಪರಿಶೀಲಿಸಿ ತಿದ್ದಿದವರದು. ಅತ್ತಿಗೆ ಎರಡು ಕಡೆಯೂ ತಾವೇ ಸಹಿ ಹಾಕಿ ಮೇಲಧಿಕಾರಿಗೆ ಕಳಿಸಿದರು. ಆತ ಫೈಲು ಹಿಡಿದುಕೊಂಡು ಓಡಿಬಂದ.

"ಏನ್ರೀ ಇದು? ಎರಡೂ ಕಡೆ ಒಬ್ಬರೇ ಸಹಿ ಹಾಕಿದ್ರೆ ನಡೆಯುತ್ತಾ?"

"ಒಬ್ಬರೇ ಹೇಗಾಗುತ್ತೆ ಸಾರ್?" ಎಂದರಂತೆ ಅತ್ತಿಗೆ. "ಮಧ್ಯೆ ಇಪ್ಪತ್ತೊಂಬತ್ತು ವರ್ಷ ಕಳೆದಿದೆ."